ಬಸ್ ಡ್ರೈವರಿಗೆ ಡಿವೈಸ್ ಟ್ರೀ ಓದಲು ಕಲಿಸುವುದು

ಬಸ್ಸು, ಡ್ರೈವರು ಎಂದೊಡನೆ ನಮ್ಮ ವಾಚಕರಿಗೆ ನೆನಪಾಗುವುದು ಬೆಳಗಿನ ಸರತಿಯ ಸಾಲು ಮತ್ತು ಕಂಡಕ್ಟರರ ಚಿಲ್ಲರೆಯ ತಗಾದೆ. ಕಂಪ್ಯೂಟರಿನ ಒಳಗೂ ಬಸ್ಸು ಉಂಟು, ಅದಕ್ಕೆ ಡ್ರೈವರೂ ಉಂಟು. ಆದರೆ ಅಲ್ಲಿ ಬಸ್ ಎಂದರೆ ಹಲವು ಚಿಪ್ಪುಗಳು ಹಂಚಿಕೊಂಡು ಬಳಸುವ ತಂತಿ. ಡ್ರೈವರ್ ಎಂದರೆ ಆ ತಂತಿಯ ಮೇಲೆ ಮಾತು ಕಳುಹಿಸಿ ಮಾತು ತರಿಸುವ ಒಂದು ಚಿಕ್ಕ ಪ್ರೋಗ್ರಾಮು. ಅಂಥ ಒಂದು ಡ್ರೈವರಿಗೆ 'ಡಿವೈಸ್ ಟ್ರೀ', ಅಂದರೆ 'ಸಾಧನಗಳ ವೃಕ್ಷ' ಎಂಬ ಪಟ್ಟಿಯನ್ನು ಓದಲು ಹೇಗೆ ಕಲಿಸುತ್ತಾರೆ ಎಂಬುದೇ ಈ ಪಾಠದ ವಿಷಯ. ಉದಾಹರಣೆಗೆ ಲಿನಕ್ಸ್ ಕರ್ನೆಲಿನಲ್ಲಿರುವ ಒಂದು ನಿಜವಾದ ಡ್ರೈವರನ್ನೇ ಆರಿಸಿಕೊಂಡಿದ್ದೇವೆ. ಅದರ ಹೆಸರು ಐ-ಟು-ಸಿ-ಜಿಪಿಐಒ. ಈ ಪಟ್ಟಿಯನ್ನು ಓದುವ ವಿದ್ಯೆ ಅದಕ್ಕೆ ೨೦೧೨ರಲ್ಲಿ ಬಂದಿತು.

ವಿಷಯ ಕಠಿಣವೆಂದು ವಾಚಕರು ಪುಟ ಮಗುಚಬಾರದು. ಇದರ ತಿರುಳು ಕಚೇರಿಯಲ್ಲಿ ದಫ್ತರು ಇಟ್ಟವರಿಗೆ, ಗೋದಾಮಿನಲ್ಲಿ ದಾಸ್ತಾನು ಎಣಿಸಿದವರಿಗೆ ಚೆನ್ನಾಗಿ ಗೊತ್ತಿರುವುದೇ. ಕೆಲಸ ಮಾಡುವ ಬಗೆ ಕೆಲಸಗಾರನ ತಲೆಯಲ್ಲಿರಬೇಕು. ಯಾವ ಕಪಾಟಿನಲ್ಲಿ ಏನಿದೆ ಎಂಬುದು ಪುಸ್ತಕದಲ್ಲಿರಬೇಕು. ಎರಡನ್ನೂ ಒಬ್ಬನ ತಲೆಯಲ್ಲಿಯೇ ತುಂಬಿಟ್ಟರೆ, ಅವನಿಗೆ ವರ್ಗವಾದ ದಿನ ಕಚೇರಿ ನಿಂತುಹೋಗುತ್ತದೆ. ಕಂಪ್ಯೂಟರ್ ಬಲ್ಲವರೂ ಈ ಮಾತನ್ನು ಪಾಡುಪಟ್ಟೇ ಕಲಿತರು.

೧. ಕರ್ನೆಲ್, ಡ್ರೈವರ್, ಬಸ್

ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅದರ ನಡುಗಂಬವೇ ಕರ್ನೆಲ್. ಯಾವ ಪ್ರೋಗ್ರಾಮಿಗೆ ಎಷ್ಟು ಹೊತ್ತು ಕೊಡಬೇಕು, ಎಷ್ಟು ಸ್ಥಳ ಕೊಡಬೇಕು, ಯಾವ ಯಂತ್ರಭಾಗದೊಡನೆ ಹೇಗೆ ಮಾತನಾಡಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವುದು ಕರ್ನೆಲಿನ ಕೆಲಸ. ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರು ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ ಇಂದು ದೊಡ್ಡ ಸರ್ವರುಗಳಲ್ಲಿಯೂ ಉಂಟು, ನಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿಯೂ ಉಂಟು. ಅದರ ಮೂಲ ಬರಹ ಗುಟ್ಟಿನದಲ್ಲ. ಯಾರು ಬೇಕಾದರೂ ತರಿಸಿಕೊಂಡು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಪರಿಶೀಲನೆಗೆ ಕಳುಹಿಸಬಹುದು.

ಒಂದೊಂದು ಬಗೆಯ ಯಂತ್ರಭಾಗಕ್ಕೆ ಒಂದೊಂದು ಡ್ರೈವರ್ ಬೇಕು. ಈಗ ನಮ್ಮ ಬಸ್ಸಿಗೆ ಬರೋಣ. ೧೯೮೨ರಲ್ಲಿ ನೆದರ್ಲೆಂಡಿನ ಫಿಲಿಪ್ಸ್ ಕಂಪನಿಯವರು ಒಂದೇ ಪೆಟ್ಟಿಗೆಯೊಳಗಿನ ಚಿಪ್ಪುಗಳು ತಮ್ಮತಮ್ಮೊಳಗೆ ಮಾತನಾಡಲೆಂದು ಐ-ಟು-ಸಿ ಎಂಬ ಬಸ್ಸನ್ನು ರೂಪಿಸಿದರು. ಇದಕ್ಕೆ ಎರಡೇ ತಂತಿ. ಒಂದು ಎಸ್‌ಡಿಎ, ಇದರ ಮೇಲೆ ಸುದ್ದಿ ಹೋಗುತ್ತದೆ. ಇನ್ನೊಂದು ಎಸ್‌ಸಿಎಲ್, ಇದು ತಾಳ ಹಾಕುತ್ತದೆ. ತಾಳದ ಒಂದೊಂದು ಪೆಟ್ಟಿಗೆ ಸುದ್ದಿಯ ಒಂದೊಂದು ಬಿಟ್ ದಾಟುತ್ತದೆ. ಸಾಮಾನ್ಯ ವೇಗ ಸೆಕೆಂಡಿಗೆ ೧,೦೦,೦೦೦ ಪೆಟ್ಟು. ಪ್ರತಿಯೊಂದು ಚಿಪ್ಪಿಗೂ ಏಳು ಬಿಟ್ಟಿನ ಒಂದು ವಿಳಾಸವುಂಟು. ಲೆಕ್ಕಕ್ಕೆ ೧೨೮ ವಿಳಾಸಗಳಾದರೂ ೧೬ ಬೇರೆ ಕೆಲಸಕ್ಕೆ ಮೀಸಲಾಗಿ, ಬಳಕೆಗೆ ಉಳಿಯುವುದು ೧೧೨. ಗಡಿಯಾರದ ಚಿಪ್ಪು, ಉಷ್ಣ ಅಳೆಯುವ ಚಿಪ್ಪು, ಸಣ್ಣ ನೆನಪಿನ ಚಿಪ್ಪು ಇವೆಲ್ಲ ಈ ಎರಡು ತಂತಿಗಳಿಗೇ ಜೋತುಬಿದ್ದಿರುತ್ತವೆ.

ಎಷ್ಟೋ ಪ್ರೊಸೆಸರುಗಳಲ್ಲಿ ಈ ಬಸ್ಸನ್ನು ನಡೆಸಲು ಬೇರೆಯದೇ ಒಂದು ಭಾಗವನ್ನು ಕೊಟ್ಟಿರುತ್ತಾರೆ. ಅದು ಇಲ್ಲದಾಗ ಅಥವಾ ಸಾಲದಾದಾಗ, ಯಾವ ಕೆಲಸಕ್ಕಾದರೂ ಒದಗುವ ಸಾಮಾನ್ಯ ಪಿನ್ನುಗಳಲ್ಲಿ ಎರಡನ್ನು ಹಿಡಿದು, ಪ್ರೋಗ್ರಾಮಿನಿಂದಲೇ ಮೇಲೆ ಕೆಳಗೆ ಮಾಡಿ ಬಸ್ಸನ್ನು ನಡೆಸಬಹುದು. ಇಂಥ ಸಾಮಾನ್ಯ ಪಿನ್ನುಗಳಿಗೆ ಜಿಪಿಐಒ ಎನ್ನುವರು. ಐ-ಟು-ಸಿ-ಜಿಪಿಐಒ ಡ್ರೈವರ್ ಮಾಡುವುದು ಇದನ್ನೇ. ಅದು ೨೦೦೭ರಲ್ಲಿ ಲಿನಕ್ಸನ್ನು ಸೇರಿತು.

ಬಸ್ಸನ್ನು ನಡೆಸುವ ಬಗೆಯೆಲ್ಲ ಈ ಡ್ರೈವರಿಗೆ ಗೊತ್ತು. ಆದರೆ ತಾನಾಗಿ ತಿಳಿಯಲಾರದ ಕೆಲವು ಸಂಗತಿಗಳುಂಟು. ಯಾವ ಪಿನ್ನು ಎಸ್‌ಡಿಎ, ಯಾವುದು ಎಸ್‌ಸಿಎಲ್? ತಾಳದ ಅರ್ಧ ಪೆಟ್ಟಿಗೆ ಎಷ್ಟು ಮೈಕ್ರೋಸೆಕೆಂಡು ತಡೆಯಬೇಕು? ಐದು ಎಂದರೆ ಸೆಕೆಂಡಿಗೆ ೧,೦೦,೦೦೦ ಪೆಟ್ಟಾಯಿತು. ಐವತ್ತು ಎಂದರೆ ೧೦,೦೦೦. ನಿಧಾನವಾದ ಚಿಪ್ಪು ತಾಳದ ತಂತಿಯನ್ನು ಹಿಡಿದುಕೊಂಡರೆ ಎಷ್ಟು ಹೊತ್ತು ಸೈರಿಸಬೇಕು? ಇನ್ನೊಂದು ಸೂಕ್ಷ್ಮವೂ ಉಂಟು. ಈ ಬಸ್ಸಿನ ಪದ್ಧತಿಯಂತೆ ತಂತಿಯನ್ನು ಯಾರೂ ಬಲವಂತವಾಗಿ ಮೇಲಕ್ಕೆ ತಳ್ಳಕೂಡದು. ಕೆಳಕ್ಕೆ ಎಳೆಯಬಹುದು, ಇಲ್ಲವೆ ಕೈಬಿಡಬಹುದು. ಕೈಬಿಟ್ಟಾಗ ಒಂದು ರೆಸಿಸ್ಟರು ಅದನ್ನು ಮೇಲೆತ್ತುತ್ತದೆ. ಈ ಬೋರ್ಡಿನ ಪಿನ್ನಿಗೆ ಹಾಗೆ ಕೈಬಿಡುವ ಅಭ್ಯಾಸ ಹುಟ್ಟಿನಿಂದಲೇ ಇದೆಯೆ, ಇಲ್ಲವೆ ಎಂಬುದನ್ನೂ ಡ್ರೈವರಿಗೆ ಯಾರಾದರೂ ಹೇಳಬೇಕು.

೨. ಹೆಸರು ಹೇಳದ ಚಿಪ್ಪುಗಳು

ಕರ್ನೆಲ್ ತಾನೇ ಕೇಳಿ ತಿಳಿದುಕೊಳ್ಳಬಾರದೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಯೋಗ್ಯವಾದದ್ದೇ. ಕೆಲವು ಬಸ್ಸುಗಳಲ್ಲಿ ಹಾಗೆ ನಡೆಯುತ್ತದೆ. ಯುಎಸ್‌ಬಿ ತಂತಿಗೆ ಏನನ್ನಾದರೂ ಚುಚ್ಚಿ ನೋಡಿರಿ. ಅದು ತನ್ನ ತಯಾರಕರ ಸಂಖ್ಯೆಯನ್ನೂ ತನ್ನ ಮಾದರಿಯ ಸಂಖ್ಯೆಯನ್ನೂ ಕೇಳಿದ ಕೂಡಲೆ ಒಪ್ಪಿಸುತ್ತದೆ. ಪಿಸಿಐ ಬಸ್ಸಿನಲ್ಲಿಯೂ ಹಾಗೆಯೇ. ಮನೆಯ ಬಾಗಿಲಿಗೆ ಹೆಸರಿನ ಫಲಕ ಇದ್ದಂತೆ.

ಐ-ಟು-ಸಿ ಬಸ್ಸಿನ ಮನೆಗಳಿಗೆ ಬರಿಯ ನಂಬರು ಉಂಟು, ಫಲಕವಿಲ್ಲ. ೧೦೪ ಎಂಬ ವಿಳಾಸವನ್ನೇ ನೋಡಿ. ಹದಿನಾರರ ಎಣಿಕೆಯಲ್ಲಿ ಅದನ್ನು ೬೮ ಎಂದು ಬರೆಯುವರು. ಆ ವಿಳಾಸದಲ್ಲಿ ಡಿಎಸ್೧೩೦೭ ಎಂಬ ಗಡಿಯಾರದ ಚಿಪ್ಪು ಇರಬಹುದು. ಅದೇ ವಿಳಾಸದಲ್ಲಿ ಎಂಪಿಯು-೬೦೫೦ ಎಂಬ, ಅಲುಗಾಟವನ್ನು ಅಳೆಯುವ ಚಿಪ್ಪೂ ಇರಬಹುದು. ತಟ್ಟಿದರೆ ಎರಡೂ 'ಇದ್ದೇನೆ' ಎನ್ನುತ್ತವೆ. ಯಾರು ಎಂಬುದನ್ನು ಹೇಳುವ ಸರ್ವಸಾಮಾನ್ಯವಾದ ಕ್ರಮ ಇಲ್ಲ.

ಮೇಲಾಗಿ, ತಟ್ಟಿ ನೋಡುವುದೂ ಎಲ್ಲ ಕಡೆ ಕ್ಷೇಮವಲ್ಲ. ಕೆಲವು ಚಿಪ್ಪುಗಳು ವಿಚಾರಣೆಯನ್ನೇ ಆಜ್ಞೆಯೆಂದು ಭಾವಿಸುತ್ತವೆ. ಹಳೆಯ ಐಬಿಎಂ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳಲ್ಲಿದ್ದ ಎಟಿ೨೪ಆರ್‌ಎಫ್೦೮ ಎಂಬ ನೆನಪಿನ ಚಿಪ್ಪಿನ ಬರಹ, ಹೀಗೆ ಬಸ್ಸನ್ನು ತಡಕಿದ್ದರಿಂದಲೇ ಕೆಟ್ಟುಹೋದದ್ದುಂಟು. ಬಸ್ಸನ್ನು ಹುಡುಕುವ ಪ್ರೋಗ್ರಾಮಿನ ಕೈಪಿಡಿಯಲ್ಲಿ ಈ ಎಚ್ಚರಿಕೆಯನ್ನು ಅಚ್ಚುಮಾಡಿಯೇ ಇದ್ದಾರೆ. ಆದ್ದರಿಂದ ಇಂಥ ಬಸ್ಸಿನ ಮೇಲೆ ಯಾರು ಯಾರು ಇದ್ದಾರೆ ಎಂಬುದನ್ನು ಮೊದಲೇ ಬರೆದು ಕೊಡುವುದೊಂದೇ ದಾರಿ. ಬರೆದ ಪಟ್ಟಿಯನ್ನು ಎಲ್ಲಿ ಇಡಬೇಕು ಎಂಬುದೇ ಮುಂದಿನ ಪ್ರಶ್ನೆ.

೩. ಪಟ್ಟಿ ಎಲ್ಲಿರಬೇಕು?

ಬಹು ಕಾಲದವರೆಗೆ ಈ ಪಟ್ಟಿಯನ್ನು ಕರ್ನೆಲಿನ ಬರಹದ ಒಳಗೇ ಇಟ್ಟಿದ್ದರು. ಫೋನು, ರೌಟರು ಮೊದಲಾದ ಸಣ್ಣ ಯಂತ್ರಗಳಲ್ಲಿ ಬಳಸುವ ಆರ್ಮ್ ಜಾತಿಯ ಪ್ರೊಸೆಸರುಗಳ ವಿಷಯದಲ್ಲಂತೂ ಒಂದೊಂದು ಬೋರ್ಡಿಗೆ ಒಂದೊಂದು ಕಡತ. ಈ ಬೋರ್ಡಿನಲ್ಲಿ ೨೩ನೆಯ ಪಿನ್ನು ಎಸ್‌ಡಿಎ, ೨೪ನೆಯದು ಎಸ್‌ಸಿಎಲ್, ೧೦೪ರಲ್ಲಿ ಗಡಿಯಾರ ಎಂದೆಲ್ಲ ಸಿ ಭಾಷೆಯಲ್ಲಿ ಬರೆದು ಕರ್ನೆಲಿಗೆ ಹೊಲಿದುಬಿಡುತ್ತಿದ್ದರು. ತಯಾರಕರು ಒಂದು ಪಿನ್ನನ್ನು ಬದಲಿಸಿ ಹೊಸ ಬೋರ್ಡು ತಂದರೆ ಇನ್ನೊಂದು ಕಡತ. ಒಂದು ಬೋರ್ಡಿಗೆಂದು ಕಟ್ಟಿದ ಕರ್ನೆಲ್ ಮತ್ತೊಂದು ಬಗೆಯ ಬೋರ್ಡಿನಲ್ಲಿ ಎಷ್ಟೋ ವೇಳೆ ಏಳುತ್ತಲೇ ಇರಲಿಲ್ಲ.

ದೇಶದ ಎಲ್ಲ ಶಾಖೆಗಳ ಕಪಾಟು, ಕುರ್ಚಿ, ಬೀಗದ ಕೈಗಳನ್ನು ಮುಖ್ಯ ಕಚೇರಿಯ ಗುಮಾಸ್ತರೊಬ್ಬರೇ ಬಾಯಿಪಾಠ ಮಾಡಿದಂತಾಯಿತು ಇದು. ಹೊಸ ಶಾಖೆ ತೆರೆದಾಗಲೆಲ್ಲ ಅವರಿಗೆ ಹೊಸ ಪಾಠ. ೨೦೧೧ರ ಮಾರ್ಚ್ ತಿಂಗಳಲ್ಲಿ ಟೋರ್ವಾಲ್ಡ್ಸ್ ಅವರು ಆರ್ಮ್ ಕಡತಗಳ ಈ ಗೊಂದಲದ ಬಗ್ಗೆ ಎಲ್ಲರೆದುರು ಖಾರವಾಗಿಯೇ ಅಸಮಾಧಾನ ತೋರಿದರು. ಅಲ್ಲಿಂದ ಮುಂದೆ ಕೆಲಸ ಚುರುಕಾಯಿತು.

ಉಪಾಯ ಮಾತ್ರ ಹೊಸದಾಗಿರಲಿಲ್ಲ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯವರು ೧೯೮೦ರ ದಶಕದ ಕೊನೆಯಲ್ಲಿಯೇ, ಯಂತ್ರ ಎದ್ದ ಕೂಡಲೆ ತನ್ನ ಭಾಗಗಳ ಪಟ್ಟಿಯನ್ನು ಮರದ ಆಕಾರದಲ್ಲಿ ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸುವ ಪದ್ಧತಿಯನ್ನು ಕಟ್ಟಿದ್ದರು. ಅದು ೧೯೯೪ರಲ್ಲಿ ಓಪನ್ ಫರ್ಮ್‌ವೇರ್ ಎಂಬ ಹೆಸರಿನಲ್ಲಿ ಐಇಇಇ ಸಂಸ್ಥೆಯ ೧೨೭೫ನೆಯ ಪ್ರಮಾಣವಾಯಿತು. ೨೦೦೫ರ ಸುಮಾರಿಗೆ ಪವರ್‌ಪಿಸಿ ಪ್ರೊಸೆಸರುಗಳ ಲಿನಕ್ಸಿನವರು ಆ ಮರವನ್ನು ಒಂದು ಚಪ್ಪಟೆ ಕಡತವಾಗಿ ಮಡಿಸುವ ಕ್ರಮ ತಂದರು. ಓಪನ್ ಫರ್ಮ್‌ವೇರ್ ಇಲ್ಲದ ಅಗ್ಗದ ಬೋರ್ಡಿಗೂ ಇದರಿಂದ ಪಟ್ಟಿ ದೊರೆಯುವಂತಾಯಿತು. ೨೦೧೧ರ ತರುವಾಯ ಆರ್ಮ್ ಪಂಗಡದವರು ಇದನ್ನೇ ಕೈಕೊಂಡರು. ೨೦೧೨ರ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ ೩.೭ರ ಹೊತ್ತಿಗೆ, ಒಂದೇ ಕರ್ನೆಲ್ ಬೇರೆ ಬೇರೆ ತಯಾರಕರ ಆರ್ಮ್ ಬೋರ್ಡುಗಳಲ್ಲಿ ಏಳುವ ಏರ್ಪಾಡು ಆರಂಭವಾಗಿತ್ತು. ಬೋರ್ಡು ಬದಲಾದರೆ ಪಟ್ಟಿ ಬದಲು, ಕರ್ನೆಲ್ ಅದೇ.

೪. ಪಟ್ಟಿಯ ರೂಪ

ಮೂಲದಲ್ಲಿ ಈ ಪಟ್ಟಿಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ನಮ್ಮ ಅನುಕೂಲಕ್ಕೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ೨೦೧೨ರ ಕ್ರಮದಲ್ಲಿ ನಮ್ಮ ಬಸ್ಸಿನ ಕೊಂಬೆ ಹೀಗಿರುತ್ತದೆ:

ಐ-ಟು-ಸಿ {
  ಕಂಪ್ಯಾಟಿಬಲ್ = "ಐ-ಟು-ಸಿ-ಜಿಪಿಐಒ";
  ಜಿಪಿಐಒಸ್ = ಪಿನ್ ೨೩, ಪಿನ್ ೨೪;
  ಐ-ಟು-ಸಿ-ಜಿಪಿಐಒ,ಡಿಲೇ-ಯುಎಸ್ = ೫;
  ಗಡಿಯಾರ {
    ಕಂಪ್ಯಾಟಿಬಲ್ = "ಡಲ್ಲಾಸ್,ಡಿಎಸ್೧೩೦೭";
    ರೆಗ್ = ೧೦೪;
  };
};

ಒಂದೊಂದು ಆವರಣವೂ ಮರದ ಒಂದೊಂದು ಕೊಂಬೆ. ಒಳಗಿನ ಸಾಲುಗಳು ಅದರ ಬಾಬ್ತುಗಳು. ಬಸ್ಸಿನ ಕೊಂಬೆಯೊಳಗೆ ಗಡಿಯಾರದ ಕೊಂಬೆ ಇರುವುದನ್ನು ವಾಚಕರು ಗಮನಿಸಬೇಕು. ಗಡಿಯಾರ ಆ ಬಸ್ಸಿಗೆ ಜೋತುಬಿದ್ದಿದೆ ಎಂಬುದನ್ನು ಬೇರೆ ಮಾತಿನಲ್ಲಿ ಹೇಳಬೇಕಾಗಿಲ್ಲ. ಮರದ ಆಕಾರವೇ ಹೇಳುತ್ತದೆ. 'ಕಂಪ್ಯಾಟಿಬಲ್' ಎಂಬ ಬಾಬ್ತು ಎಲ್ಲಕ್ಕಿಂತ ಮುಖ್ಯವಾದದ್ದು. ಇದು ಯಾವ ಬಗೆಯ ವಸ್ತು ಎಂದು ತಿಳಿಸುವುದು ಅದೇ. ಚಿಪ್ಪುಗಳ ವಿಷಯದಲ್ಲಿ ತಯಾರಕರ ಹೆಸರು ಮೊದಲು, ಅಲ್ಪವಿರಾಮ, ಆಮೇಲೆ ಮಾದರಿ. 'ರೆಗ್' ಎಂಬುದು ಬಸ್ಸಿನ ಮೇಲಣ ವಿಳಾಸ.

ಇದನ್ನು ಡಿಟಿಸಿ ಎಂಬ ಪ್ರೋಗ್ರಾಮು ಚಿಕ್ಕ ಕಡತವಾಗಿ ಮಡಿಸಿಕೊಡುತ್ತದೆ. ಯಂತ್ರ ಏಳುವಾಗ ಬೂಟ್ ಲೋಡರ್ ಕರ್ನೆಲನ್ನೂ ಈ ಕಡತವನ್ನೂ ನೆನಪಿಗೆ ತುಂಬಿ, ಕಡತ ಇಂಥಲ್ಲಿದೆ ಎಂದು ಕರ್ನೆಲಿಗೆ ತಿಳಿಸಿ ತಾನು ಹಿಂದೆ ಸರಿಯುತ್ತದೆ.

೫. ಡ್ರೈವರಿನಲ್ಲಿ ಮಾಡಬೇಕಾದ ಐದು ಕೆಲಸ

ಮೊದಲನೆಯದು, ಕರಾರು ಪತ್ರ. ಕೋಡ್ ಬರೆಯುವುದಕ್ಕೂ ಮುಂಚೆ, ಈ ಡ್ರೈವರಿಗೆ ಸಂಬಂಧಿಸಿದ ಕೊಂಬೆಯಲ್ಲಿ ಯಾವ ಯಾವ ಬಾಬ್ತು ಇರತಕ್ಕದ್ದು, ಯಾವುದು ಕಡ್ಡಾಯ, ಯಾವುದು ಐಚ್ಛಿಕ ಎಂದು ಬರೆದಿಡುತ್ತಾರೆ. ಇದಕ್ಕೆ ಬೈಂಡಿಂಗ್ ಎಂದು ಹೆಸರು. ನಮ್ಮ ಡ್ರೈವರಿಗೆ ಎರಡು ಪಿನ್ನು ಕಡ್ಡಾಯ. ತಡೆಯುವ ಹೊತ್ತು, ಸೈರಿಸುವ ಹೊತ್ತು ಐಚ್ಛಿಕ. ಬಾಬ್ತಿನ ಹೆಸರಿನ ಕೊನೆಯಲ್ಲಿ 'ಯುಎಸ್' ಎಂದಿದ್ದರೆ ಮೈಕ್ರೋಸೆಕೆಂಡು, 'ಎಂಎಸ್' ಎಂದಿದ್ದರೆ ಮಿಲಿಸೆಕೆಂಡು. ಮಾನವನ್ನು ಹೆಸರಿನಲ್ಲಿಯೇ ಸೇರಿಸುವ ಈ ಪದ್ಧತಿ ಮೆಚ್ಚತಕ್ಕದ್ದು. ಅಕ್ಕಿ ೫ ಎಂದು ಬರೆದು, ಸೇರೋ ಮೂಟೆಯೋ ಹೇಳದೆ ಹೋದ ಚೀಟಿಯಿಂದ ಎಷ್ಟು ಜಗಳವಾಗುತ್ತದೆಂದು ನಮಗೆ ಗೊತ್ತು. ಮೊದಲು ಕರಾರು ಪತ್ರಗಳು ಸಾದಾ ಬರಹವಾಗಿದ್ದುವು. ಈಗ ಅವನ್ನು ಯಂತ್ರವೇ ಓದಿ ಪಟ್ಟಿಯ ತಪ್ಪು ಹಿಡಿಯಬಲ್ಲ ರೂಪದಲ್ಲಿ ಬರೆಯುತ್ತಾರೆ.

ಎರಡನೆಯದು, ಹೆಸರು ಹೊಂದಿಸುವ ಕೋಷ್ಟಕ. ನಾನು ಇಂಥ ಹೆಸರಿನ ಕೊಂಬೆಗಳನ್ನು ನಡೆಸಬಲ್ಲೆ ಎಂದು ಡ್ರೈವರ್ ಒಂದು ಚಿಕ್ಕ ಕೋಷ್ಟಕದಲ್ಲಿ ಸಾರಬೇಕು. ಕರ್ನೆಲ್ ಮರದಲ್ಲಿನ 'ಕಂಪ್ಯಾಟಿಬಲ್' ಬಾಬ್ತನ್ನೂ ಈ ಕೋಷ್ಟಕವನ್ನೂ ತಾಳೆನೋಡಿ, ಹೊಂದಿದರೆ ಡ್ರೈವರನ್ನು ಕರೆಯುತ್ತದೆ. ಕೋಷ್ಟಕದ ಕೊನೆಯಲ್ಲಿ ಒಂದು ಖಾಲಿ ಸಾಲು ಇರಲೇಬೇಕು; ಇಲ್ಲಿಗೆ ಮುಗಿಯಿತು ಎಂಬುದಕ್ಕೆ ಅದೇ ಗುರುತು. ರಸೀದಿಯಲ್ಲಿ ಮೊಬಲಗಿನ ಮುಂದೆ 'ಮಾತ್ರ' ಎಂದು ಬರೆಯುವಂತೆ. ಅದನ್ನು ಬಿಟ್ಟರೆ ಕರ್ನೆಲ್ ಕೋಷ್ಟಕದಾಚೆಗಿನ ಕಸವನ್ನೂ ಓದಿಕೊಂಡು ಹೋದೀತು.

ಮೂರನೆಯದು, ಬಾಬ್ತುಗಳನ್ನು ಓದಿಕೊಳ್ಳುವುದು. ಡ್ರೈವರನ್ನು ಕರೆದಾಗ ಮೊದಲು ನಡೆಯುವ ಭಾಗಕ್ಕೆ ಪ್ರೋಬ್ ಎನ್ನುವರು. ಅಲ್ಲಿ ಒಂದು ಕವಲು ಸೇರಿಸಬೇಕು. ಮರದ ಕೊಂಬೆ ದೊರೆತಿದ್ದರೆ ಅದರಿಂದ ಪಿನ್ನುಗಳನ್ನೂ ಹೊತ್ತುಗಳನ್ನೂ ಓದಿಕೊ; ಇಲ್ಲವಾದರೆ ಹಳೆಯ ಪದ್ಧತಿಯ ಬೋರ್ಡ್ ಕಡತ ಕೊಟ್ಟದ್ದನ್ನು ತೆಗೆದುಕೊ. ಹಳೆಯದನ್ನು ಅಳಿಸದೆ ಹೊಸದನ್ನು ಸೇರಿಸುವುದು ಇಲ್ಲಿಯ ಶಿಸ್ತು. ಪಿನ್ನುಗಳ ಸಂಖ್ಯೆ ಎರಡಕ್ಕಿಂತ ಕಡಿಮೆಯಿದ್ದರೆ ಡ್ರೈವರ್ ಮುಂದುವರಿಯದೆ ಹಿಂದಿರುಗಬೇಕು. ತಡೆಯುವ ಹೊತ್ತನ್ನು ಹೇಳಿಲ್ಲವಾದರೆ ೫ ಮೈಕ್ರೋಸೆಕೆಂಡು ಎಂದು ಭಾವಿಸಬೇಕು. ಎಸ್‌ಸಿಎಲ್ ತಂತಿಯನ್ನು ಓದಲು ಬಾರದ, ಬರಿಯ ಬರೆಯಲು ಬರುವ ಬೋರ್ಡಾದರೆ ೫೦. ಸೈರಿಸುವ ಹೊತ್ತನ್ನು ಹೇಳದಿದ್ದರೆ ೧೦೦ ಮಿಲಿಸೆಕೆಂಡು. ಹೀಗೆ ಓದುವ ಸಹಾಯಕ ಕ್ರಿಯೆಗಳ ಹೆಸರುಗಳು ಕರ್ನೆಲಿನಲ್ಲಿ 'ಓಎಫ್' ಎಂದು ಆರಂಭವಾಗುತ್ತವೆ. ಅದು ಓಪನ್ ಫರ್ಮ್‌ವೇರಿನ ಮೊದಲಕ್ಷರಗಳ ಜೋಡಿ; ಹಿರಿಯರ ಹೆಸರು ಮನೆತನದಲ್ಲಿ ಉಳಿದುಬಂದಂತೆ.

ನಾಲ್ಕನೆಯದು, ಕಾಯುವುದು. ಪಟ್ಟಿಯಲ್ಲಿ ಪಿನ್ ೨೩ ಎಂದಿದೆ. ಆದರೆ ಆ ಪಿನ್ನುಗಳನ್ನು ನೋಡಿಕೊಳ್ಳುವ ಇನ್ನೊಂದು ಡ್ರೈವರ್ ಇನ್ನೂ ಎದ್ದಿರಲಿಕ್ಕಿಲ್ಲ. ಆಗ ಏನು ಮಾಡಬೇಕು? ಪಿನ್ನು ಇಲ್ಲವೆಂದು ಸೋಲೊಪ್ಪಿದರೆ ತಪ್ಪು. ಕಿಟಕಿಯ ಬಳಿ 'ಸಾಹೇಬರು ಇಲ್ಲ' ಎಂಬುದಕ್ಕೂ 'ಸಾಹೇಬರು ಇನ್ನೂ ಬಂದಿಲ್ಲ' ಎಂಬುದಕ್ಕೂ ಇರುವ ಅಂತರವನ್ನು ನಾವೆಲ್ಲ ಬಲ್ಲೆವು. ಲಿನಕ್ಸಿಗೆ ೨೦೧೨ರಲ್ಲಿ ಈ ಎರಡನೆಯ ಉತ್ತರವನ್ನೂ ಕಲಿಸಿದರು. ಡ್ರೈವರ್ 'ಆಮೇಲೆ ಕರೆಯಿರಿ' ಎಂಬ ಗೊತ್ತಾದ ಸಂಕೇತವನ್ನು ಹಿಂದಿರುಗಿಸಿದರೆ, ಕರ್ನೆಲ್ ಅದನ್ನು ಕಾಯುವವರ ಸಾಲಿನಲ್ಲಿ ಕೂರಿಸಿ, ಬೇರೆ ಯಾವುದಾದರೂ ಡ್ರೈವರ್ ಎದ್ದ ಮೇಲೆ ಮತ್ತೊಮ್ಮೆ ಕರೆಯುತ್ತದೆ.

ಐದನೆಯದು, ಮಕ್ಕಳಿಗೆ ದಾರಿ ತೋರುವುದು. ಬಸ್ ಡ್ರೈವರಿಗೂ ಉಳಿದ ಡ್ರೈವರಿಗೂ ಇರುವ ಭೇದ ಇಲ್ಲಿ ಕಾಣುತ್ತದೆ. ಗಡಿಯಾರದ ಡ್ರೈವರ್ ತನ್ನ ಗಡಿಯಾರವನ್ನು ನಡೆಸಿದರೆ ತೀರಿತು. ಬಸ್ ಡ್ರೈವರಾದರೋ ತಾನು ಎದ್ದ ಮೇಲೆ ತನ್ನ ಕೊಂಬೆಯೊಳಗಿನ ಮರಿಕೊಂಬೆಗಳೂ ಎಚ್ಚರಗೊಳ್ಳುವಂತೆ ಮಾಡಬೇಕು. ಅದಕ್ಕಾಗಿ, ತಾನು ಕಟ್ಟಿದ ಬಸ್ಸಿಗೂ ಮರದಲ್ಲಿರುವ ಕೊಂಬೆಗೂ ಗಂಟುಹಾಕುವ ಒಂದೇ ಒಂದು ಸಾಲು ಬೇಕು. ೨೦೧೨ರಲ್ಲಿ ಮರಿಕೊಂಬೆಗಳನ್ನು ನೋಂದಾಯಿಸುವ ಕರೆಯನ್ನೂ ಡ್ರೈವರೇ ಮಾಡುತ್ತಿತ್ತು. ೨೦೧೩ರಿಂದ ಆ ಭಾರವನ್ನು ಐ-ಟು-ಸಿಯ ಮೂಲ ಭಾಗವೇ ಹೊತ್ತಿದೆ. ಗಂಟು ಹಾಕುವ ಸಾಲನ್ನು ಮರೆತರೆ ಆಗುವ ಪೇಚು ವಿಚಿತ್ರವಾದದ್ದು. ಬಸ್ಸು ಸರಿಯಾಗಿಯೇ ಓಡುತ್ತದೆ, ಯಾವ ತಪ್ಪಿನ ಸಂದೇಶವೂ ಬರುವುದಿಲ್ಲ, ಆದರೆ ಗಡಿಯಾರ ಮಾತ್ರ ಎಲ್ಲಿಯೂ ಕಾಣಿಸುವುದಿಲ್ಲ. ಅಭ್ಯಾಸಿಗಳು ಇಂಥ ಪ್ರಸಂಗದಲ್ಲಿ ಗಡಿಯಾರದ ಡ್ರೈವರನ್ನು ಶಂಕಿಸುವ ಮೊದಲು ಈ ಗಂಟನ್ನು ನೋಡಬೇಕು.

೬. ಬರೆದ ಮಾತು ತಪ್ಪಬಾರದು

ಇಷ್ಟರಿಂದ ಕೆಲಸ ಮುಗಿಯಿತೆ? ಕೋಡಿನ ಕೆಲಸ ಮುಗಿಯಿತು. ಹೊಣೆ ಈಗ ಆರಂಭವಾಯಿತು.

ಕರ್ನೆಲಿನ ಒಳಗಿನ ಬರಹವನ್ನು ಅದರ ಲೇಖಕರು ಬೇಕಾದಾಗ ತಿರುಗಿಸಿ ಬರೆಯಬಹುದು. ಅದರ ಎರಡು ತುದಿಯೂ ಅವರ ಕೈಯಲ್ಲಿರುತ್ತದೆ. ಡಿವೈಸ್ ಟ್ರೀಯ ಪಟ್ಟಿ ಹಾಗಲ್ಲ. ಅದನ್ನು ಬರೆದವರು ಬೇರೆ ಊರಿನ ಬೇರೆ ಕಂಪನಿಯವರಿರಬಹುದು. ಬೋರ್ಡಿನೊಳಗೆ ಅಚ್ಚೊತ್ತಿ ಮಾರಿಬಿಟ್ಟಿರಬಹುದು. ಅದನ್ನು ಬರೆದ ಕಂಪನಿ ಇಂದು ಇಲ್ಲದೆಯೂ ಹೋಗಿರಬಹುದು. ಇಂದಿನ ಕರ್ನೆಲ್ ಅಂದಿನ ಪಟ್ಟಿಯನ್ನು ಓದಲಾರೆನೆಂದರೆ, ಹಾಳಾಗದ ಯಂತ್ರವೂ ಹಾಳಾದಂತೆಯೇ. ಹೊಸ ಕರ್ನೆಲಿನಲ್ಲಿ ಬರುವ ಭದ್ರತೆಯ ತಿದ್ದುಪಡಿಗಳು ಆ ಯಂತ್ರಕ್ಕೆ ದಕ್ಕುವುದಿಲ್ಲ. ಹೊಸದನ್ನು ಕೊಳ್ಳಲಾರದವನ ಮನೆಯ ಹಳೆಯ ರೌಟರೋ ಸಣ್ಣ ಕಾರ್ಖಾನೆಯ ಅಳತೆಯ ಯಂತ್ರವೋ ಹೀಗೆ ಮೂಲೆಗೆ ಬಿದ್ದರೆ, ತೊಂದರೆ ಅನುಭವಿಸುವವನು ಕರ್ನೆಲ್ ಬರೆದವನಲ್ಲ. ಈ ಕಾರಣದಿಂದಲೇ, ಒಮ್ಮೆ ಒಪ್ಪಿದ ಬೈಂಡಿಂಗನ್ನು ಮುರಿಯಬಾರದು ಎಂಬ ಕಟ್ಟುಪಾಡನ್ನು ಕರ್ನೆಲಿನವರು ಇಟ್ಟುಕೊಂಡಿದ್ದಾರೆ.

ನಮ್ಮ ಡ್ರೈವರೇ ಇದಕ್ಕೆ ಒಳ್ಳೆಯ ನಿದರ್ಶನ. ೨೦೧೨ರ ಕರಾರಿನಲ್ಲಿ ಎರಡು ಪಿನ್ನುಗಳನ್ನೂ ಒಂದೇ ಬಾಬ್ತಿನಲ್ಲಿ ಸಾಲಾಗಿ ಬರೆಯಬೇಕಾಗಿತ್ತು. ಮೊದಲು ಎಸ್‌ಡಿಎ, ಆಮೇಲೆ ಎಸ್‌ಸಿಎಲ್. ಕ್ರಮವೇ ಅರ್ಥ. ಬರೆಯುವವನು ಕ್ರಮ ತಪ್ಪಿದನೋ, ಸುದ್ದಿಯ ತಂತಿಯ ಮೇಲೆ ತಾಳ, ತಾಳದ ತಂತಿಯ ಮೇಲೆ ಸುದ್ದಿ! ಬಸ್ಸಿನ ಮೇಲೆ ಯಾರೂ ಓಗೊಡುವುದಿಲ್ಲ. ಪಟ್ಟಿಯನ್ನು ಎಷ್ಟು ಸಲ ಓದಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸುಮಾರು ಐದು ವರ್ಷಗಳ ತರುವಾಯ ಇದನ್ನು ತಿದ್ದಿದರು. ಎಸ್‌ಡಿಎ-ಜಿಪಿಐಒಸ್, ಎಸ್‌ಸಿಎಲ್-ಜಿಪಿಐಒಸ್ ಎಂದು ಎರಡು ಬೇರೆ ಬಾಬ್ತು ಮಾಡಿ, ಹೆಸರಿನಿಂದಲೇ ಗುರುತು ಹಿಡಿಯುವಂತಾಯಿತು. ಮೊದಲೇ ಹಾಗೆ ಬರೆದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಬಹುದು. ನಮಗೆ ಮುಖ್ಯವಾದದ್ದು, ತಿದ್ದುವಾಗ ಹಳೆಯದನ್ನು ಏನು ಮಾಡಿದರು ಎಂಬುದು. ಡ್ರೈವರ್ ಮೊದಲು ಹೆಸರಿನಿಂದ ಹುಡುಕುತ್ತದೆ. ಸಿಗದಿದ್ದರೆ ಹಳೆಯ ಕ್ರಮದ ಸಾಲಿನಿಂದ ಎತ್ತಿಕೊಳ್ಳುತ್ತದೆ. ಕರಾರು ಪತ್ರದಲ್ಲಿ ಹಳೆಯ ಬಾಬ್ತಿನ ಮುಂದೆ, ಇನ್ನು ಮುಂದೆ ಹೊಸ ಪಟ್ಟಿಗಳಲ್ಲಿ ಇದನ್ನು ಬಳಸತಕ್ಕದ್ದಲ್ಲ ಎಂದು ಷರಾ ಹಾಕಿದ್ದಾರೆ, ಹೊಡೆದುಹಾಕಿಲ್ಲ. ೨೦೧೨ರ ಬೋರ್ಡು ಹೊಸ ಕರ್ನೆಲಿನೊಡನೆಯೂ ಬದುಕುವುದು ಈ ಕೆಲವೇ ಸಾಲುಗಳ ಸೌಜನ್ಯದಿಂದ.

ಇದರಿಂದ ಎರಡು ನೀತಿಗಳು ದೊರೆಯುತ್ತವೆ. ಒಂದು, ಕ್ರಮವನ್ನು ನೆಚ್ಚಬೇಡ, ಹೆಸರು ಬರೆ. ಎರಡು, ಪಟ್ಟಿಯಲ್ಲಿ ವಸ್ತುವನ್ನು ಬಣ್ಣಿಸು, ನಿನ್ನ ಅನುಕೂಲವನ್ನಲ್ಲ. ಏಕೆಂದರೆ ಈ ಮರವನ್ನು ಓದುವುದು ಲಿನಕ್ಸ್ ಒಂದೇ ಅಲ್ಲ. ಫ್ರೀಬಿಎಸ್‌ಡಿ ಎಂಬ ಬೇರೆ ಕರ್ನೆಲ್, ಯು-ಬೂಟ್ ಎಂಬ ಬೂಟ್ ಲೋಡರ್ ಇವೂ ಡಿವೈಸ್ ಟ್ರೀಗಳನ್ನು ಬಳಸುತ್ತವೆ. ಲಿನಕ್ಸಿನ ಇಂದಿನ ಒಂದು ಚಟವನ್ನು ಅದರಲ್ಲಿ ಬರೆದರೆ, ನಾಳೆ ಅದು ಯಾರಿಗೂ ಅರ್ಥವಾಗದ ಸಾಲಾಗಿ ಉಳಿಯುತ್ತದೆ. ಎರಡನೆಯ ಪಿನ್ನು ತಾಳದ ತಂತಿಗೆ ಕೂಡಿದೆ ಎಂಬುದು ಮಾತ್ರ, ಬೋರ್ಡು ಇರುವವರೆಗೂ ನಿಜ.

೭. ಅಭ್ಯಾಸಕ್ಕೆ

ಇಷ್ಟನ್ನು ಓದಿದವರು ಕಣ್ಣಾರೆ ನೋಡಬೇಕೆಂದರೆ ಹೆಚ್ಚಿನ ಖರ್ಚಿಲ್ಲ. ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರು ಯಾರ ಬಳಿಯಾದರೂ ಇದ್ದರೆ, ಅದರಲ್ಲಿ 'ಪ್ರೋಕ್' ಎಂಬ ಕೋಶದೊಳಗೆ 'ಡಿವೈಸ್-ಟ್ರೀ' ಎಂಬುದನ್ನು ತೆರೆಯಿರಿ. ಇಡೀ ಮರವು ಕಡತಗಳೂ ಕೋಶಗಳೂ ಆಗಿ ಅಲ್ಲಿ ಹರಡಿರುತ್ತದೆ. ಒಂದೊಂದು ಕೋಶ ಒಂದೊಂದು ಕೊಂಬೆ, ಒಂದೊಂದು ಕಡತ ಒಂದೊಂದು ಬಾಬ್ತು. ನಾವು ವಿವರಿಸಿದ ಡ್ರೈವರನ್ನು ಆ ಯಂತ್ರದ ಸಂರಚನೆಯ ಕಡತದಲ್ಲಿ ಒಂದೇ ಸಾಲು ಸೇರಿಸಿ ಎಬ್ಬಿಸಬಹುದು. ಡ್ರೈವರಿನ ಮೂಲ ಬರಹ ಕರ್ನೆಲಿನ 'ಡ್ರೈವರ್ಸ್' ಕೋಶದಲ್ಲಿ, 'ಐ-ಟು-ಸಿ'ಯ ಒಳಗೆ, 'ಬಸ್ಸಸ್' ಎಂಬಲ್ಲಿ ಇದೆ. ಐನೂರು ಸಾಲಿನ ಆಸುಪಾಸಿನ ಚಿಕ್ಕ ಕಡತ. ಸಿ ಭಾಷೆಯ ಪರಿಚಯವಿದ್ದವರು ಒಂದು ಭಾನುವಾರದಲ್ಲಿ ಓದಿ ಮುಗಿಸಬಹುದು.

ನಮ್ಮಲ್ಲಿ ಹಗಲು ಕಚೇರಿ, ರಾತ್ರಿ ಓದು ಎಂದು ನಡೆಸುವ ತರುಣರು ಕೆಲವರಿದ್ದಾರೆ. ಕರ್ನೆಲ್ ಎಂದರೆ ದೊಡ್ಡ ಕಾಲೇಜಿನವರಿಗೆ ಮಾತ್ರ ಎಂದು ಅವರು ಹಿಂಜರಿಯಬೇಕಾಗಿಲ್ಲ. ಮೇಲಿನ ಐದು ಕೆಲಸಗಳಲ್ಲಿ ಗಹನವಾದ ಗಣಿತ ಒಂದೂ ಇಲ್ಲ. ಬೇಕಾದದ್ದು ಪಟ್ಟಿಯನ್ನು ನಿಚ್ಚಳವಾಗಿ ಬರೆಯುವ ಕೈ, ಕಡ್ಡಾಯ ಯಾವುದು ಐಚ್ಛಿಕ ಯಾವುದು ಎಂದು ವಿಂಗಡಿಸುವ ಬುದ್ಧಿ, ಹಿಂದಿನವರ ಬರಹವನ್ನು ಕೆಡಿಸದೆ ತನ್ನದನ್ನು ಸೇರಿಸುವ ಸೈರಣೆ. ಒಳ್ಳೆಯ ಗುಮಾಸ್ತನಲ್ಲಿ ಇವು ಮೂರೂ ಇರುತ್ತವೆ.

ಕೊನೆಯಲ್ಲಿ ಮೂರು ಪ್ರಶ್ನೆಗಳು. ಉತ್ತರಗಳು ಪಾಠದಲ್ಲಿಯೇ ಇವೆ.

(ಅ) ೧೦೪ನೆಯ ವಿಳಾಸದಲ್ಲಿ ಯಾವುದೋ ಚಿಪ್ಪು ಓಗೊಟ್ಟಿತು. ಅಷ್ಟರಿಂದಲೇ ಅದು ಗಡಿಯಾರವೆಂದು ಕರ್ನೆಲ್ ತೀರ್ಮಾನಿಸಬಹುದೆ? ಏಕೆ?

(ಆ) ಪಟ್ಟಿಯಲ್ಲಿ ತಡೆಯುವ ಹೊತ್ತು ೧೦ ಮೈಕ್ರೋಸೆಕೆಂಡು ಎಂದಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ ಎಷ್ಟು ಪೆಟ್ಟು ತಾಳ ಬೀಳುತ್ತದೆ?

(ಇ) ಬಸ್ಸು ಎದ್ದಿದೆ, ತಪ್ಪಿನ ಸಂದೇಶ ಒಂದೂ ಇಲ್ಲ, ಪಟ್ಟಿಯಲ್ಲಿರುವ ಗಡಿಯಾರ ಮಾತ್ರ ಕಾಣುತ್ತಿಲ್ಲ. ಡ್ರೈವರಿನಲ್ಲಿ ಮೊದಲು ನೋಡತಕ್ಕ ಸಾಲು ಯಾವುದು?